ಕಾಯಿಲೆಯಲ್ಲಿರುವ ಗೇಮ್ ಡಿಸೈನರ್‌ಗೆ ಏನಂತ ಬರೆಯೋದು? ಓದುಗರ ಪ್ರಶ್ನೆಗಳು, ನಮ್ಮ ಉತ್ತರಗಳು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇದ್ದವು. ಹಾಗಾಗಿ ಪೂರ್ತಿ ಅಂಕಣವನ್ನು ಅದಕ್ಕೇ ಬಿಟ್ಟುಕೊಟ್ಟಿದ್ದೇನೆ. ಬೇರೆ ಪ್ರಶ್ನೆ ಕಳಿಸಿದವರು ಮುಂದಿನ ಸಂಚಿಕೆವರೆಗೆ ಕಾಯಬೇಕು.

ಪ್ರಶ್ನೆ: ಕಾಲೇಜು ದಿನಗಳಿಂದ ನಾನು ಆಡಿಕೊಂಡು ಬಂದ ಟೇಬಲ್‌ಟಾಪ್ ಆರ್‌ಪಿಜಿ (ಮೇಜಿನ ಸುತ್ತ ಕೂತು ಪಾತ್ರಗಳಾಗಿ ಕಥೆ ಕಟ್ಟುವ ರೋಲ್‌ಪ್ಲೇಯಿಂಗ್ ಗೇಮ್) ಒಂದಿದೆ. ಅದರ ಡಿಸೈನರ್‌ಗೆ ಕ್ಯಾನ್ಸರ್, ಗುಣವಾಗೋದಿಲ್ಲ ಅಂತ ಅವರ ಮನೆಯವರೇ ತಿಳಿಸಿದ್ದಾರೆ. ಒಂದು ಪತ್ರ ಬರೆಯಬೇಕು ಅನಿಸುತ್ತೆ. ಆದರೆ ನಾನು ಅವರಿಗೆ ಯಾರೂ ಅಲ್ಲ. ಇಂಥ ಹೊತ್ತಲ್ಲಿ ಗುರುತು ಪರಿಚಯ ಇಲ್ಲದವರು ಮಧ್ಯೆ ಬರೋದು ಸರಿನಾ?

ಉತ್ತರ: ಬರೆಯಿರಿ. ಮನೆಯವರೇ ಸುದ್ದಿಯನ್ನು ಎಲ್ಲರಿಗೂ ತಿಳಿಸಿದ್ದಾರೆ ಅಂದರೆ ಬಾಗಿಲು ಅವರೇ ತೆರೆದಿಟ್ಟಿದ್ದಾರೆ. ಪತ್ರ ಎಲ್ಲಿಗೆ ಕಳಿಸಬೇಕು ಅಂತ ಹೇಳಿದ್ದರೆ ಅಲ್ಲಿಗೇ ಕಳಿಸಿ. ಅವರ ಮನೆ ವಿಳಾಸ, ಫೋನ್ ನಂಬರ್ ಹುಡುಕಿಕೊಂಡು ಹೋಗಬೇಡಿ. ಅಷ್ಟು ಪಾಲಿಸಿದರೆ ಅದು ಮಧ್ಯೆ ಬಂದ ಹಾಗಾಗುವುದಿಲ್ಲ.

ನನಗೆ ಇಲ್ಲಿ ಎರಿಕ್ ವುಜಿಕ್ ನೆನಪಾಗುತ್ತಾರೆ. ಅಮೆರಿಕದ ಡೆಟ್ರಾಯಿಟ್ ಕಡೆಯವರು, 1951ರಲ್ಲಿ ಹುಟ್ಟಿದವರು. ಪಲೇಡಿಯಂ ಬುಕ್ಸ್ ಎಂಬ ಗೇಮ್ ಕಂಪನಿಯ ಶುರುವಿನ ದಿನಗಳಿಂದ ಅದನ್ನು ಕಟ್ಟಿದ ಕೆವಿನ್ ಸೀಂಬೀಡಾ ಜೊತೆ ಇದ್ದವರು. 1985ರಲ್ಲಿ ಟೀನೇಜ್ ಮ್ಯೂಟಂಟ್ ನಿಂಜಾ ಟರ್ಟಲ್ಸ್, ಅಂದರೆ ಕಾಮಿಕ್ಸ್‌ನ ನಿಂಜಾ ಆಮೆಗಳ ಗೇಮ್ ಬರೆದರು. ಆ ಆಮೆಗಳ ಟಿವಿ ಕಾರ್ಟೂನ್ ಬಂದಿದ್ದು 1987ರಲ್ಲಿ, ಅಂದರೆ ಜಗತ್ತಿಗೆಲ್ಲ ಗೊತ್ತಾಗುವ ಮೊದಲೇ ಎಷ್ಟೋ ಹುಡುಗರು ಆ ಆಮೆಗಳ ಲೋಕಕ್ಕೆ ಹೋಗಿದ್ದು ವುಜಿಕ್ ಪುಸ್ತಕದ ಮೂಲಕ. 1991ರಲ್ಲಿ ಆಂಬರ್ ಡೈಸ್‌ಲೆಸ್ ಬಂತು. ಡೈಸ್ ಇಲ್ಲದೆ ರೋಲ್‌ಪ್ಲೇಯಿಂಗ್ ಗೇಮ್ ಆಡಬಹುದು ಅನ್ನೋದನ್ನೇ ಆಗ ಬಹಳ ಜನ ನಂಬುತ್ತಿರಲಿಲ್ಲ.

2007ರ ಕೊನೆಯ ಹೊತ್ತಿಗೆ ಅವರಿಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಅಂತ ಗೊತ್ತಾಯಿತು. ಈ ಗ್ರಂಥಿ ಹೊಟ್ಟೆಯ ಹಿಂದೆ, ಒಳಗಡೆ ಅಡಗಿರುತ್ತೆ. ನೋವೋ, ಕಾಮಾಲೆಯೋ ಕಾಣಿಸುವ ಹೊತ್ತಿಗೆ ಎಷ್ಟೋ ಸಲ ಕಾಯಿಲೆ ದೂರ ಹೋಗಿರುತ್ತೆ. ವುಜಿಕ್ 2008ರ ಜೂನ್ 7ರಂದು ತೀರಿಕೊಂಡರು. ನಡುವೆ ಸಿಕ್ಕಿದ್ದು ಕೆಲವೇ ತಿಂಗಳು. ಆ ತಿಂಗಳುಗಳಲ್ಲಿ ಗೆಳೆಯರು ಸುದ್ದಿ ಹಂಚಿದರು, ಅಭಿಮಾನಿಗಳು ಬರೆದರು. ಅವರ ಆಟಗಳನ್ನು ಆಡಿ ಬೆಳೆದವರಿಗೆ ಅದನ್ನು ಅವರಿಗೇ ಹೇಳಲು ಒಂದು ಅವಕಾಶ ಸಿಕ್ಕಿತು, ನೋಡಿ.

ಅದೇ 2008ರ ಮಾರ್ಚ್ 4ರಂದು ಗ್ಯಾರಿ ಗೈಗ್ಯಾಕ್ಸ್ ಹೋದರು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಆರ್‌ಪಿಜಿ ಮಾಡಿದ ಇಬ್ಬರಲ್ಲಿ ಒಬ್ಬರು. ಹೊಟ್ಟೆಯ ಮಹಾಪಧಮನಿ ಊದಿಕೊಳ್ಳುವ ತೊಂದರೆ ಇತ್ತು. ಅವರ ಆಟದಿಂದ ಬೆಳೆದ ಲಕ್ಷಾಂತರ ಜನ ಅವರು ಹೋದ ಮೇಲೆ ಬರೆದರು. ಚೆನ್ನಾಗಿಯೇ ಬರೆದರು. ಆದರೆ ಅದನ್ನು ಓದಲು ಅವರು ಇರಲಿಲ್ಲ. ನಿಮಗೆ ಇನ್ನೂ ಸಮಯ ಇದೆ, ಅಲ್ವಾ? ನಾಳೆ ಚೆನ್ನಾಗಿ ಬರೆಯೋಣ ಅಂತ ಕೂತರೆ ಅದು ಮುಗಿದುಹೋಗುತ್ತೆ.

ಪ್ರಶ್ನೆ: ನನ್ನ ಮಗ ಯಾವುದೋ ಗೇಮ್ ಬರೆದವರಿಗೆ ಹುಷಾರಿಲ್ಲ ಅಂತ ವಾರದಿಂದ ಮಂಕಾಗಿದ್ದಾನೆ. ಸಿನಿಮಾ ನಟ ಅಂದರೆ ಅರ್ಥವಾಗುತ್ತೆ. ನಿಯಮ ಬರೆದವರಿಗೆ ಇಷ್ಟು ದುಃಖ ಯಾಕೆ?

ಉತ್ತರ: ಅಮ್ಮಾ, ಮೊದಲು ಆಟ ಹೇಗಿರುತ್ತೆ ಅಂತ ಹೇಳುತ್ತೇನೆ. ನಾಲ್ಕೈದು ಜನ ಒಂದು ಮೇಜಿನ ಸುತ್ತ ಕೂರುತ್ತಾರೆ. ಒಬ್ಬರು ಗೇಮ್ ಮಾಸ್ಟರ್. ಅವರು ಲೋಕವನ್ನು ಹೇಳುತ್ತಾರೆ: ಮಳೆ ಬರ್ತಿದೆ, ಸೇತುವೆ ಮುರಿದಿದೆ, ಆಚೆ ದಡದಲ್ಲಿ ಯಾರೋ ಲಾಂದ್ರ ಹಿಡಿದು ನಿಂತಿದ್ದಾರೆ. ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರ. ನೀನು ಏನು ಮಾಡ್ತೀಯ ಅಂತ ಕೇಳಿದಾಗ ಆ ಪಾತ್ರವಾಗಿ ಉತ್ತರ ಕೊಡಬೇಕು. ಆಗುತ್ತಾ ಇಲ್ವಾ ಅನ್ನೋದನ್ನು ಡೈಸ್ ಉರುಳಿಸಿ, ಪುಸ್ತಕದಲ್ಲಿರುವ ನಿಯಮ ನೋಡಿ ತೀರ್ಮಾನ ಮಾಡುತ್ತಾರೆ. ಹೀಗೆ ವಾರಕ್ಕೊಮ್ಮೆ ಕೂತು ವರ್ಷಗಟ್ಟಲೆ ಒಂದೇ ಕಥೆಯನ್ನು ಮುಂದುವರಿಸುವವರಿದ್ದಾರೆ. 1974ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಸಾವಿರ ಪ್ರತಿ ಅಚ್ಚಾಗಿ ಬಂದಲ್ಲಿಂದ ಇದು ಹೀಗೇ ನಡೆದುಕೊಂಡು ಬಂದಿದೆ.

ಈಗ ನಿಮ್ಮ ಪ್ರಶ್ನೆ. ನಟ ಅಭಿನಯಿಸಿದ್ದನ್ನು ನಾವು ನೋಡುತ್ತೇವೆ. ಇಲ್ಲಿ ಹಾಗಲ್ಲ. ಡಿಸೈನರ್ ನಿಯಮ ಬರೆದು ಕೊಡುತ್ತಾರೆ, ಆಮೇಲೆ ಕಥೆ ಕಟ್ಟುವುದು ನಿಮ್ಮ ಮಗ ಮತ್ತು ಅವನ ಗೆಳೆಯರು. ಅವನು ಯಾರ ಮುಂದೆಯೂ ಮಾತಾಡದ ಹುಡುಗ ಆಗಿರಬಹುದು, ಅಲ್ಲಿ ರಾಜನ ಮುಂದೆ ನಿಂತು ವಾದ ಮಾಡಿರುತ್ತಾನೆ. ಇನ್ನೊಬ್ಬರಿಗಾಗಿ ತನ್ನ ಪಾತ್ರವನ್ನು ಬಲಿ ಕೊಟ್ಟು ಆವತ್ತು ರಾತ್ರಿ ನಿದ್ದೆ ಮಾಡಿರುವುದಿಲ್ಲ. ಅದಕ್ಕೆಲ್ಲ ಜಾಗ ಮಾಡಿಕೊಟ್ಟವರು ಈಗ ಹೋಗುತ್ತಿದ್ದಾರೆ. ಮಂಕಾಗದೆ ಇನ್ನೇನು? ಅವನನ್ನು ಕೂರಿಸಿಕೊಂಡು ನಿನ್ನ ಪಾತ್ರ ಯಾರು, ಏನು ಮಾಡಿದ್ದ ಅಂತ ಕೇಳಿ. ಪೂರ್ತಿ ಕೇಳಿಸಿಕೊಳ್ಳಿ. ಸಮಾಧಾನ ಹೇಳುವುದಕ್ಕಿಂತ ಅದು ಒಳ್ಳೇದು.

ಪ್ರಶ್ನೆ: ಬರೆಯೋಕೆ ಕೂತರೆ ‘ನಿಮ್ಮ ಗೇಮ್ ತುಂಬಾ ಇಷ್ಟ, ಥ್ಯಾಂಕ್ಸ್’ ಅನ್ನೋದು ಬಿಟ್ಟು ಏನೂ ಹೊಳೆಯುತ್ತಿಲ್ಲ. ಇದನ್ನೇ ಎಲ್ಲರೂ ಬರೆದಿರುತ್ತಾರೆ. ಏನು ಬರೆಯಲಿ?

ಉತ್ತರ: ನಿಮ್ಮ ಮೇಜಿನಲ್ಲಿ ನಡೆದದ್ದನ್ನು ಬರೆಯಿರಿ. ಈ ಇಡೀ ಅಂಕಣದಲ್ಲಿ ನಾನು ಹೇಳಬೇಕು ಅಂದುಕೊಂಡಿರೋದು ಇದನ್ನೇ.

ಯಾಕೆ ಅಂದರೆ, ಡಿಸೈನರ್‌ಗೆ ತನ್ನ ಆಟ ಗೊತ್ತು. ನಿಮ್ಮ ಆಟ ಗೊತ್ತಿಲ್ಲ. ಕಾದಂಬರಿ ಬರೆದವರಿಗೆ ಓದುಗ ಯಾವ ಪುಟದಲ್ಲಿ ಏನು ಓದುತ್ತಾನೆ ಅಂತ ಗೊತ್ತಿರುತ್ತೆ, ಆ ಸಾಲು ಅವರೇ ಬರೆದದ್ದು. ಆರ್‌ಪಿಜಿ ಬರೆದವರು ನಿಯಮ, ಕೋಷ್ಟಕ, ಒಂದಿಷ್ಟು ಸಲಹೆ ಬರೆದು ಕೈಬಿಡುತ್ತಾರೆ, ಅದರಿಂದ ಯಾರ ಮನೆಯಲ್ಲಿ ಯಾವ ಕಥೆ ಹುಟ್ಟಿತು, ಯಾರು ನಕ್ಕರು, ಯಾರು ಅತ್ತರು ಅನ್ನೋದು ಯಾರಾದರೂ ಬಂದು ಹೇಳಿದರೆ ಮಾತ್ರ ಗೊತ್ತಾಗುತ್ತೆ. ಹೇಳುವವರು ಕಡಿಮೆ. ಗೇಮ್ ಆಡುವವರ ಸಮಾವೇಶಕ್ಕೆ ಹೋದವರು ಸಾಲಿನಲ್ಲಿ ನಿಂತು ಪುಸ್ತಕಕ್ಕೆ ಸಹಿ ಹಾಕಿಸಿಕೊಂಡು ಬರುತ್ತಾರೆ, ಅಷ್ಟೇ.

ಒಂದು ಉದಾಹರಣೆ ಕೊಡುತ್ತೇನೆ. ವುಜಿಕ್ ಅವರ ಆಂಬರ್ ಆಟ ರೋಜರ್ ಜೆಲಾಜ್ನಿ ಕಾದಂಬರಿಗಳ ರಾಜಮನೆತನದ್ದು. ಎಲ್ಲರೂ ಒಂದೇ ಕುಟುಂಬದ ಮಕ್ಕಳು, ಎಲ್ಲರಿಗೂ ಒಬ್ಬರ ಮೇಲೊಬ್ಬರಿಗೆ ಅನುಮಾನ. ಆಟಗಾರರು ತಮ್ಮ ಪಾತ್ರವನ್ನು ಕಟ್ಟಿಕೊಳ್ಳುವ ರೀತಿಯೇ ಹರಾಜು. ಪ್ರತಿಯೊಬ್ಬರಿಗೂ ನೂರು ಪಾಯಿಂಟ್. ಮನೋಬಲ, ದೇಹಬಲ, ತಾಳಿಕೆ, ಯುದ್ಧಕಲೆ, ಈ ನಾಲ್ಕನ್ನೂ ಒಂದೊಂದಾಗಿ ಹರಾಜಿಗಿಡುತ್ತಾರೆ. ಕೂಗಿದ ಪಾಯಿಂಟ್ ವಾಪಸ್ ಬರುವುದಿಲ್ಲ. ಹೆಚ್ಚು ಕೂಗಿದವರು ಮೊದಲ ಸ್ಥಾನ. ಮುಂದೆ ಇಬ್ಬರು ಕತ್ತಿ ಹಿಡಿದು ಎದುರಾದರೆ ಯುದ್ಧಕಲೆಯಲ್ಲಿ ಮೇಲಿರುವವರೇ ಗೆಲ್ಲುತ್ತಾರೆ, ಕೆಳಗಿರುವವರು ಏನಾದರೂ ಉಪಾಯ ಮಾಡಿ ಜಗಳವನ್ನೇ ಬೇರೆ ದಾರಿಗೆ ತಿರುಗಿಸದಿದ್ದರೆ. ಡೈಸ್ ಇಲ್ಲ, ಅದೃಷ್ಟದ ಮೇಲೆ ಹಾಕುವ ಹಾಗಿಲ್ಲ. ಆಟ ಶುರುವಾಗುವ ಮೊದಲೇ, ಆ ಹರಾಜಿನಲ್ಲೇ, ಅಣ್ಣ ತಮ್ಮಂದಿರ ಹೊಟ್ಟೆಕಿಚ್ಚು ಹುಟ್ಟಿಬಿಟ್ಟಿರುತ್ತೆ. ಎಂಥ ಯೋಚನೆ! ಇಷ್ಟು ವರ್ಷವಾದರೂ ನನಗೆ ಇದರ ಬೆರಗು ಹೋಗಿಲ್ಲ.

ಅದರಲ್ಲೇ ಇನ್ನೊಂದು ನಿಯಮ. ಪಾತ್ರದ ಡೈರಿ ಬರೆಯುತ್ತೇನೆ, ಆಟದ ದಾಖಲೆ ಇಡುತ್ತೇನೆ, ಚಿತ್ರ ಬಿಡಿಸುತ್ತೇನೆ ಅಂತ ಒಪ್ಪಿಕೊಂಡರೆ ಹೆಚ್ಚುವರಿ ಪಾಯಿಂಟ್ ಸಿಗುತ್ತೆ. ನಮ್ಮ ಗುಂಪಿನಲ್ಲಿ ಒಬ್ಬ ಗೆಳೆಯನಿದ್ದ. ಮಾತು ಕಮ್ಮಿ. ಹರಾಜಿನಲ್ಲಿ ಪಾಯಿಂಟ್ ಸಾಲದೆ ಬಂತು ಅಂತ ಡೈರಿಗೆ ಒಪ್ಪಿಕೊಂಡ. ಅವನ ಪಾತ್ರ ಯುದ್ಧಕಲೆಯಲ್ಲಿ ಎಲ್ಲರಿಗಿಂತ ಕೆಳಗಿದ್ದ ಕಿರಿಯ ರಾಜಕುಮಾರ. ಡೈರಿಯಲ್ಲಿ ಆ ಕಿರಿಯ ಪ್ರತಿ ಜಗಳವನ್ನೂ ತಾನೇ ಗೆದ್ದ ಹಾಗೆ ಬರೆದುಕೊಳ್ಳುತ್ತಿದ್ದ, ನಾವೆಲ್ಲ ಅದರಲ್ಲಿ ಪೆದ್ದರು. ಆಟಕ್ಕೆ ಮುಂಚೆ ಅದನ್ನು ಗಟ್ಟಿಯಾಗಿ ಓದುವುದು ರೂಢಿಯಾಯಿತು. ಬರಬರುತ್ತಾ ಆ ಸುಳ್ಳುಗಳೇ ನಮ್ಮ ಕಥೆಯನ್ನು ನಡೆಸತೊಡಗಿದವು, ಅರಮನೆಯಲ್ಲಿ ಯಾರೋ ಆ ಡೈರಿಯನ್ನು ಕದ್ದು ಓದಿ ನಿಜ ಅಂತ ನಂಬಿದರು. ಮಾತು ಬಾರದವನು ಅಂತ ನಾವು ಅಂದುಕೊಂಡಿದ್ದ ಹುಡುಗ ಇಡೀ ಕ್ಯಾಂಪೇನ್ ಅನ್ನು, ಅಂದರೆ ನಮ್ಮ ಆ ಉದ್ದನೆಯ ಕಥೆಯನ್ನು, ನೋಟ್‌ಬುಕ್ಕಿನಿಂದ ನಡೆಸಿದ. ವುಜಿಕ್ ಆ ಒಂದು ನಿಯಮ ಬರೆಯದಿದ್ದರೆ ಇದು ಆಗುತ್ತಿರಲಿಲ್ಲ.

ನಿಮ್ಮ ಹತ್ತಿರವೂ ಇಂಥದ್ದು ಒಂದು ಇದ್ದೇ ಇರುತ್ತೆ. ಅದನ್ನೇ ಹಿಡಿದುಕೊಳ್ಳಿ. ಯಾವ ನಿಯಮ, ಅದರಿಂದ ಏನಾಯಿತು, ಅಷ್ಟು ಸಾಕು. ಟರ್ಟಲ್ಸ್ ಗೇಮ್ ಆಡಿದವರಾದರೆ ಅದರ ಪ್ರಾಣಿ ಮಾಡುವ ಭಾಗ ನೆನಪಿಸಿಕೊಳ್ಳಿ. ಕೋಷ್ಟಕದಿಂದ ಒಂದು ಪ್ರಾಣಿ ಬರುತ್ತೆ, ಅದನ್ನು ಬದಲಾಯಿಸಿಕೊಳ್ಳಲು ಖರ್ಚು ಮಾಡಬಹುದಾದ, ಬಯೋ-ಇ ಎಂಬ ಒಂದಿಷ್ಟು ಪಾಯಿಂಟ್ ಇರುತ್ತೆ. ಮನುಷ್ಯರ ಥರ ಕೈ ಬೇಕಾ, ಎರಡು ಕಾಲಲ್ಲಿ ನಿಲ್ಲಬೇಕಾ, ಮಾತು ಬರಬೇಕಾ, ಮುಖ ಮನುಷ್ಯರ ಹಾಗೆ ಕಾಣಬೇಕಾ, ಎಲ್ಲಕ್ಕೂ ಬೇರೆ ಬೇರೆ ಬೆಲೆ. ಮೈಗಾತ್ರ ದೊಡ್ಡದು ಮಾಡಿಕೊಂಡರೂ ಪಾಯಿಂಟ್ ಹೋಗುತ್ತೆ. ಮಾತು ಮತ್ತು ಕೈ ತಗೊಂಡು ಮುಖಕ್ಕೆ ಪಾಯಿಂಟ್ ಉಳಿಯದೆ, ಹಗಲಲ್ಲಿ ಹೊರಗೆ ಹೋಗಲಾಗದ ಗುಬ್ಬಚ್ಚಿಯಾಗಿ ಆಡಿದ್ದೀರಾ? ಬರೆಯಿರಿ. ಆ ಬೆಲೆಪಟ್ಟಿ ಬರೆದವರಿಗೆ ಅದಕ್ಕಿಂತ ದೊಡ್ಡ ಥ್ಯಾಂಕ್ಸ್ ಇಲ್ಲ.

ಪತ್ರ ಚಿಕ್ಕದಾಗಿರಲಿ. ಕೀಮೋ ನಡೆಯುತ್ತಿದ್ದರೆ, ನೋವಿನ ಔಷಧಿ ಜಾಸ್ತಿಯಾಗಿದ್ದರೆ ಓದುವುದೇ ಕಷ್ಟ. ಮನೆಯವರು ಗಟ್ಟಿಯಾಗಿ ಓದಿ ಹೇಳುವಷ್ಟು ಉದ್ದ ಇದ್ದರೆ ಸರಿ. ‘ಧೈರ್ಯವಾಗಿರಿ, ಹೋರಾಡಿ, ನೀವು ಗೆದ್ದೇ ಗೆಲ್ತೀರಿ’ ಅಂತೆಲ್ಲ ಬೇಡ. ಗುಣವಾಗೋದಿಲ್ಲ ಅಂತ ಅವರಿಗೆ ಗೊತ್ತು, ನಿಮಗೂ ಗೊತ್ತು. ಯಾವುದೋ ಕಷಾಯ, ಯಾವುದೋ ವೈದ್ಯರ ವಿಡಿಯೊ ಕಳಿಸಲೇಬೇಡಿ. ಸಾವಿನ ಬಗ್ಗೆ ದೊಡ್ಡ ಮಾತೂ ಬೇಕಿಲ್ಲ. ಗುಬ್ಬಚ್ಚಿ ಸಾಕು.

ಪ್ರಶ್ನೆ: ಅವರ ಗೇಮ್‌ನಲ್ಲಿ ಒಂದು ರಹಸ್ಯ ಕೊನೆವರೆಗೂ ಬಿಡಿಸಿಲ್ಲ. ಮುಂದಿನ ಪುಸ್ತಕದಲ್ಲಿ ಬರುತ್ತೆ ಅಂದಿದ್ದರು. ಈಗಲೇ ಕೇಳಿಬಿಡಬಹುದಾ?

ಉತ್ತರ: ಬೇಡ. ಆಸೆ ಅರ್ಥವಾಗುತ್ತೆ, ಆದರೆ ಬೇಡ. ಉಳಿದ ದಿನಗಳಲ್ಲಿ ಅವರ ತಲೆಯ ಮೇಲೆ ಮುಗಿಸದ ಕೆಲಸದ ಭಾರ ಹೊರಿಸಬಾರದು. ತಮಗೆ ಹೇಳಬೇಕು ಅನಿಸಿದರೆ ಅವರೇ ಹೇಳುತ್ತಾರೆ. ನಿಮ್ಮ ಮೇಜಿನಲ್ಲಿ ಆ ರಹಸ್ಯಕ್ಕೆ ನೀವೇ ಒಂದು ಉತ್ತರ ಕಟ್ಟಿಕೊಂಡಿದ್ದರೆ ಅದನ್ನು ಬರೆದು ಕಳಿಸಿ. ಅದನ್ನು ಓದಿದರೆ ಅವರಿಗೆ ಖುಷಿಯಾಗಬಹುದು.

ಪ್ರಶ್ನೆ: ಪತ್ರ ಬರೆದು ಏನು ಪ್ರಯೋಜನ? ಆಸ್ಪತ್ರೆ ಖರ್ಚಿಗೆ ದುಡ್ಡು ಕಳಿಸೋದು ನಿಜವಾದ ಸಹಾಯ ಅಲ್ವಾ? ಪುಸ್ತಕ ಕೊಂಡರೆ ಅವರಿಗೆ ದುಡ್ಡು ಹೋಗುತ್ತಾ?

ಉತ್ತರ: ಎರಡೂ ಬೇಕು. ದುಡ್ಡಿನ ಮಾತು ನೀವು ಎತ್ತಿದ್ದು ಒಳ್ಳೇದಾಯಿತು, ಇದನ್ನು ಯಾರೂ ಬಿಚ್ಚಿ ಹೇಳುವುದಿಲ್ಲ.

ಟೇಬಲ್‌ಟಾಪ್ ಗೇಮ್ ಬರೆದು ಶ್ರೀಮಂತರಾದವರು ಬೆರಳೆಣಿಕೆ. ಬಹಳಷ್ಟು ಕೆಲಸ ನಡೆಯೋದು ಪದಕ್ಕೆ ಇಷ್ಟು ಅಂತ ಒಮ್ಮೆ ಕೊಟ್ಟು ಕೈತೊಳೆದುಕೊಳ್ಳುವ ಲೆಕ್ಕದಲ್ಲಿ. ಹಕ್ಕು ಕಂಪನಿಯದ್ದು. ಪುಸ್ತಕ ಹತ್ತು ಸಲ ಅಚ್ಚಾದರೂ ಬರೆದವರಿಗೆ ಮತ್ತೆ ಏನೂ ಬರದೇ ಇರಬಹುದು. ಆದ್ದರಿಂದ ಪುಸ್ತಕ ಕೊಂಡರೆ ಅವರಿಗೇ ಹೋಗುತ್ತೆ ಅಂತ ಕಣ್ಣುಮುಚ್ಚಿ ಅಂದುಕೊಳ್ಳಬೇಡಿ. ತಮ್ಮದೇ ಹೆಸರಲ್ಲಿ ಪಿಡಿಎಫ್ ಮಾರುತ್ತಿದ್ದರೆ ಹೋಗುತ್ತೆ. ಹಳೇ ಪುಸ್ತಕವನ್ನು ಸೆಕೆಂಡ್‌ಹ್ಯಾಂಡ್ ಕೊಂಡರೆ ಮಾರಿದವರಿಗೆ ಮಾತ್ರ. ಅಮೆರಿಕದಲ್ಲಿ ಫ್ರೀಲಾನ್ಸ್ ಕೆಲಸ ಮಾಡುವವರಿಗೆ ಕಂಪನಿ ಕಡೆಯ ವಿಮೆ ಇರುವುದಿಲ್ಲ, ಆಸ್ಪತ್ರೆ ಬಿಲ್ಲು ಮನೆಯನ್ನೇ ಮುಳುಗಿಸಬಹುದು.

ಜೆನೆಲ್ ಜೇಕ್ವೇಸ್ ಅವರದ್ದು ಹತ್ತಿರದ ಉದಾಹರಣೆ. 1979ರಲ್ಲಿ ಡಾರ್ಕ್ ಟವರ್, ಕ್ಯಾವರ್ನ್ಸ್ ಆಫ್ ಥ್ರೇಸಿಯಾ ಎಂಬ ಎರಡು ಸಾಹಸಗಳನ್ನು, ಅಂದರೆ ಮೇಜಿನಲ್ಲಿ ಆಡಲು ಸಿದ್ಧಮಾಡಿಟ್ಟ ಕಥೆ-ನಕ್ಷೆಗಳನ್ನು, ಬರೆದವರು. ನೆಲಮಾಳಿಗೆಗೆ ಒಂದೇ ದಾರಿ ಇಡದೆ, ಸುತ್ತಿ ಬಳಸಿ ಮತ್ತೆ ಕೂಡುವ ಹತ್ತು ದಾರಿ ಇಟ್ಟವರು. ಇವತ್ತಿಗೂ ನಕ್ಷೆ ಬರೆಯುವವರು ಅವರಿಂದ ಕಲಿಯುತ್ತಾರೆ. 2023ರ ಅಕ್ಟೋಬರ್‌ನಲ್ಲಿ ಅವರಿಗೆ ಗಿಲಿಯನ್-ಬ್ಯಾರೆ ಸಿಂಡ್ರೋಮ್ ಬಂತು. ದೇಹದ ರಕ್ಷಣಾ ವ್ಯವಸ್ಥೆಯೇ ನರಗಳ ಮೇಲೆ ಬಿದ್ದು ಕೈಕಾಲು ಸ್ವಾಧೀನ ತಪ್ಪಿಸುವ ಕಾಯಿಲೆ ಅದು. ಕುಟುಂಬ ಸಹಾಯ ಕೇಳಿತು, ಆಟಗಾರರು ಕೊಟ್ಟರು. 2024ರ ಜನವರಿ 10ರಂದು ಅವರು ತೀರಿಕೊಂಡರು. ಹಣ ಕೊಟ್ಟವರಲ್ಲಿ ಅನೇಕರು ಹಣದ ಜೊತೆ ಎರಡು ಸಾಲು ಬರೆಯುತ್ತಾರೆ, ಅದನ್ನು ನೀವೂ ಮಾಡಿ. ಕುಟುಂಬ ಅಥವಾ ಆಪ್ತರು ತಾವೇ ತೋರಿಸಿದ ಖಾತೆಗೆ ಮಾತ್ರ ಹಾಕಿ. ಇಂಥ ಹೊತ್ತಲ್ಲಿ ಹೆಸರು ಹೇಳಿ ದುಡ್ಡು ಎತ್ತುವ ಕಳ್ಳರೂ ಹುಟ್ಟಿಕೊಳ್ಳುತ್ತಾರೆ. ಕೊಡಲು ದುಡ್ಡಿಲ್ಲದಿದ್ದರೆ ನಾಚಿಕೆ ಬೇಡ, ಪತ್ರ ಕಳಿಸಿ.

ಪ್ರಶ್ನೆ: ಕವರ್ ಮೇಲೆ ಹೆಸರು ಇರೋ ಡಿಸೈನರ್‌ಗೆ ಎಲ್ಲರೂ ಬರೀತಾರೆ. ಒಳಗೆ ಸಣ್ಣ ಅಕ್ಷರದಲ್ಲಿ ಹೆಸರಿರೋರಿಗೆ?

ಉತ್ತರ: ಅವರಿಗೆ ಮೊದಲು ಬರೆಯಿರಿ ಅನ್ನುತ್ತೇನೆ ನಾನು. ಡೇವ್ ಆರ್ನೆಸನ್ ನೆನಪಿದ್ದಾರಾ? ಒಬ್ಬೊಬ್ಬ ಆಟಗಾರ ಒಂದೊಂದು ಪಾತ್ರವನ್ನು ಹಿಡಿದು ವಾರಗಟ್ಟಲೆ ಬೆಳೆಸುವ ಆಟವನ್ನು ಬ್ಲ್ಯಾಕ್‌ಮೂರ್ ಎಂಬ ತಮ್ಮ ಲೋಕದಲ್ಲಿ ಗೈಗ್ಯಾಕ್ಸ್‌ಗಿಂತ ಮುಂಚೆಯೇ ಆಡಿಸುತ್ತಿದ್ದವರು. 1974ರ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಪೆಟ್ಟಿಗೆಯ ಮೇಲೆ ಇಬ್ಬರ ಹೆಸರೂ ಇತ್ತು. ಆಮೇಲೆ ಅಡ್ವಾನ್ಸ್‌ಡ್ ಆವೃತ್ತಿ ಬಂದಾಗ ಗೈಗ್ಯಾಕ್ಸ್ ಹೆಸರು ಮಾತ್ರ ಉಳಿಯಿತು. ಆರ್ನೆಸನ್ 1979ರಲ್ಲಿ ಕೋರ್ಟಿಗೆ ಹೋದರು, 1981ರಲ್ಲಿ ರಾಜಿಯಾಯಿತು. 2009ರ ಏಪ್ರಿಲ್ 7ರಂದು ಕ್ಯಾನ್ಸರ್‌ನಿಂದ ತೀರಿಕೊಂಡರು. ಇಡೀ ಜಗತ್ತು ಆಡುವ ಆಟದ ಅರ್ಧ ಅವರದ್ದು, ಆದರೆ ಅವರ ಹೆಸರು ಗೊತ್ತಿಲ್ಲದೆ ಆಡುವವರೇ ಜಾಸ್ತಿ. ನನಗೆ ಇದು ಬೇಸರದ ವಿಷಯ.

ಎಡಿಟರ್, ನಕ್ಷೆ ಬರೆದವರು, ಒಳಗಿನ ಚಿತ್ರ ಬಿಡಿಸಿದವರು, ಬಿಡುಗಡೆಗೆ ಮುಂಚೆ ತಿಂಗಳುಗಟ್ಟಲೆ ಆಡಿ ತಪ್ಪು ಹುಡುಕಿಕೊಟ್ಟ ಪ್ಲೇಟೆಸ್ಟರ್‌ಗಳು, ಇವರಿಗೆ ಪತ್ರ ಬರುವುದು ತೀರಾ ಅಪರೂಪ. ನಿಮ್ಮ ಪುಸ್ತಕದ ಮೊದಲ ಪುಟ ತೆಗೆದು ಆ ಸಣ್ಣ ಅಕ್ಷರ ಓದಿ. ಆರೋಗ್ಯವಾಗಿರುವವರಿಗೂ ಬರೆಯಬಹುದು, ಕಾಯಿಲೆ ಬರಲಿ ಅಂತ ಕಾಯಬೇಕಾಗಿಲ್ಲ.

ಪ್ರಶ್ನೆ: ಹೋದ ತಿಂಗಳು ಬರೆದೆ. ಉತ್ತರ ಬಂದಿಲ್ಲ. ತಲುಪಿತೋ ಇಲ್ಲವೋ ಅಂತ ಕೊರೀತಿದೆ.

ಉತ್ತರ: ಉತ್ತರ ನಿರೀಕ್ಷೆ ಮಾಡಬೇಡಿ. ಅವರ ಕೈಯಲ್ಲಿ ಅದಕ್ಕೆ ಶಕ್ತಿ ಇರಲ್ಲ, ಮನೆಯವರಿಗೆ ಪುರುಸೊತ್ತು ಇರಲ್ಲ. ‘ತಲುಪಿತಾ?’ ಅಂತ ಇನ್ನೊಂದು ಮೇಲ್ ಹಾಕಬೇಡಿ. ಅವರು ಓದದೆ ಹೋದರೂ ಅವರ ಹೆಂಡತಿಯೋ ಗಂಡನೋ ಮಕ್ಕಳೋ ಮುಂದೆ ಒಂದಿನ ಓದುತ್ತಾರೆ. ಅಪ್ಪ ರಾತ್ರಿಯೆಲ್ಲ ಕೂತು ಟೈಪ್ ಮಾಡುತ್ತಿದ್ದ ಆ ಪುಸ್ತಕಗಳಿಂದ ಬೇರೆಯವರಿಗೆ ಏನಾಯಿತು ಅನ್ನೋದು ಮಕ್ಕಳಿಗೆ ಎಷ್ಟೋ ಸಲ ಗೊತ್ತೇ ಇರುವುದಿಲ್ಲ.

ಪ್ರಶ್ನೆ: ಅವರು ತೀರಿಕೊಂಡರೆ ನಮ್ಮ ಗುಂಪಿನವರು ಏನಾದರೂ ಮಾಡಬೇಕು ಅಂದುಕೊಂಡಿದ್ದೇವೆ. ಏನು ಮಾಡಬಹುದು?

ಉತ್ತರ: ಆಡಿ. ಗೈಗ್ಯಾಕ್ಸ್ ಅಂತ್ಯಕ್ರಿಯೆ ಮುಗಿದ ಮೇಲೆ ವಿಸ್ಕಾನ್ಸಿನ್‌ನ ಲೇಕ್ ಜಿನೀವಾದಲ್ಲಿ ಬಂದವರೆಲ್ಲ ಒಂದು ಹಾಲ್‌ನಲ್ಲಿ ಸೇರಿ ಆಟ ಆಡಿದರು. ಮರುವರ್ಷ 2009ರಿಂದ ಅದು ಗ್ಯಾರಿ ಕಾನ್ ಎಂಬ ಸಮಾವೇಶವಾಯಿತು, ಇವತ್ತಿಗೂ ನಡೆಯುತ್ತೆ. ಡೆಟ್ರಾಯಿಟ್‌ನಲ್ಲಿ ವುಜಿಕ್ ಶುರುಮಾಡಿದ, ಆಂಬರ್ ಆಡುವವರ ಸಮಾವೇಶ ಆಂಬರ್‌ಕಾನ್ ಕೂಡ ಅವರು ಹೋದ ಮೇಲೆ ನಿಲ್ಲಲಿಲ್ಲ, ಇಂಗ್ಲೆಂಡಿಗೂ ಹರಡಿದೆ. ನೀವು ಅಷ್ಟು ದೊಡ್ಡದು ಮಾಡಬೇಕಿಲ್ಲ. ಅವರ ಆಟವನ್ನು ಎಂದೂ ಆಡದ ಇಬ್ಬರನ್ನು ಕರೆದು ಕೂರಿಸಿ. ಹಳಬರೇ ಸೇರಿ ಹಳೇ ಕಥೆ ಹೇಳಿಕೊಳ್ಳುವುದಕ್ಕಿಂತ ಅದು ಮೇಲು. ಆದರೆ ಒಂದು ಮಾತು, ತೀರಿಕೊಳ್ಳುವವರೆಗೆ ಯಾಕೆ ಕಾಯುತ್ತೀರಿ? ಈ ವಾರವೇ ಆಡಿ, ಮೇಜಿನ ಒಂದು ಫೋಟೊ ತೆಗೆದು ಕಳಿಸಿ.

ಪ್ರಶ್ನೆ: ನನ್ನ ಇಂಗ್ಲಿಷ್ ಚೆನ್ನಾಗಿಲ್ಲ. ತಪ್ಪು ತಪ್ಪಾಗಿ ಬರೆದರೆ ನಗ್ತಾರೇನೋ. ಎಐಗೆ ಹೇಳಿ ಬರೆಸಲಾ?

ಉತ್ತರ: ನಗೋದಿಲ್ಲ. ಬರೆಸಬೇಡಿ, ಅದು ಎಲ್ಲರಿಗೂ ಒಂದೇ ಥರ ಚಂದದ ಪತ್ರ ಬರೆದುಕೊಡುತ್ತೆ, ನಿಮ್ಮ ಗುಬ್ಬಚ್ಚಿ ಅದರಲ್ಲಿ ಇರುವುದಿಲ್ಲ. ಚಿಕ್ಕ ಚಿಕ್ಕ ವಾಕ್ಯ ನೀವೇ ಬರೆಯಿರಿ. ಬೇಕಾದರೆ ಗೆಳೆಯರೊಬ್ಬರಿಗೆ ತೋರಿಸಿ ಸ್ಪೆಲಿಂಗ್ ಸರಿಮಾಡಿಸಿ. ನಿಮ್ಮ ಪಾತ್ರದ ವಿವರಗಳನ್ನು ಕೈಯಿಂದ ಬರೆದ ಹಳೇ ಹಾಳೆ (ಕ್ಯಾರೆಕ್ಟರ್ ಶೀಟ್) ಇದ್ದರೆ ಅದರ ಫೋಟೊ ಸೇರಿಸಿ, ಅಳಿಸಿ ಅಳಿಸಿ ತೂತಾದ ಜಾಗ ಕಂಡರೆ ಇನ್ನೂ ಒಳ್ಳೇದು. ಮೇಲ್ ಆದರೆ ಸಬ್ಜೆಕ್ಟ್‌ನಲ್ಲಿ ಗೇಮ್ ಹೆಸರು ಹಾಕಿ, ಜೊತೆಗೆ ‘ಉತ್ತರ ಬೇಡ’ ಅಂತ ಸೇರಿಸಿ. ದೊಡ್ಡ ಫೈಲ್ ಕಳಿಸಬೇಡಿ, ಅವರ ಇನ್‌ಬಾಕ್ಸ್ ಈಗ ತುಂಬಿರುತ್ತೆ.